ಹಿರಿಯೂರಿನ ಒಣನೆಲದಲ್ಲಿ ಪ್ಯಾಲೆಟ್ ಮನೆ: ನನ್ನ ಅನುಭವ

ಸರಕು ಸಾಗಣೆಗೆ ಬಳಸಿ ಬಿಟ್ಟ ಮರದ ಪ್ಯಾಲೆಟ್‌ಗಳಿಂದ, ಎಂದರೆ ದಪ್ಪ ಪಟ್ಟಿಗಳ ಮೇಲೆ ಹಲಗೆ ಹೊಡೆದ ಚೌಕಟ್ಟುಗಳಿಂದ, ಹಿರಿಯೂರು ತಾಲ್ಲೂಕಿನ ನಮ್ಮ ಹೊಲದಲ್ಲಿ ಒಂದು ಮನೆ ಕಟ್ಟಿಕೊಂಡಿದ್ದೇವೆ. ಅದಕ್ಕೆ ವಿದ್ಯುತ್ ಲೈನಿನ ಸಂಪರ್ಕವೂ ಇಲ್ಲ, ಕೊಳವೆಬಾವಿಯೂ ಇಲ್ಲ. ನೋಡಲು ಬರುವವರು ಸಾಮಾನ್ಯವಾಗಿ ಖರ್ಚು ಎಷ್ಟಾಯಿತು ಎಂದು ಮೊದಲು ಕೇಳುತ್ತಾರೆ, ಗೆದ್ದಲು ಹಿಡಿಯುವುದಿಲ್ಲವೇ ಎಂದು ಆಮೇಲೆ ಕೇಳುತ್ತಾರೆ. ಕಟ್ಟುವವರು ಮಾತ್ರ ಈ ಎರಡು ಪ್ರಶ್ನೆಗಳನ್ನು ತಿರುವುಮುರುವಾಗಿ ಕೇಳಿಕೊಳ್ಳಬೇಕು. ಈ ಸೀಮೆಯಲ್ಲಿ ಮರದ ಮನೆಯ ಆಯುಷ್ಯವನ್ನು ತೀರ್ಮಾನಿಸುವುದು ಗೆದ್ದಲು, ಅದರ ನಂತರ ಆಷಾಢದ ಗಾಳಿ. ಪ್ಯಾಲೆಟ್ ಅಗ್ಗವೇ ತುಟ್ಟಿಯೇ ಎಂಬುದು ಆಮೇಲಿನ ಮಾತು.

ಪ್ಯಾಲೆಟ್ ಹುಡುಕುವುದು ಕಷ್ಟವಲ್ಲ. ದಾವಣಗೆರೆ ಮತ್ತು ಹರಿಹರದ ಕೈಗಾರಿಕಾ ಪ್ರದೇಶಗಳ ಗೋದಾಮುಗಳಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ ಬದಿಯ ಗುಜರಿ ಅಂಗಡಿಗಳಲ್ಲಿ, ಟೈಲ್ಸ್ ಮತ್ತು ಗಾಜು ಮಾರುವವರ ಹಿತ್ತಲಿನಲ್ಲಿ ಅವು ರಾಶಿ ಬಿದ್ದಿರುತ್ತವೆ. ಸೌರ ಫಲಕಗಳು ಬರುವುದೂ ಪ್ಯಾಲೆಟ್ ಮೇಲೆಯೇ. ಪಾವಗಡದ ಸೋಲಾರ್ ಪಾರ್ಕ್ ನಮಗೆ ದೂರವಲ್ಲವಾದ್ದರಿಂದ ಆ ಕಡೆಯ ಗುಜರಿಯವರ ಬಳಿ ಫಲಕದಷ್ಟೇ ಉದ್ದದ, ಗಂಟು ಕಡಿಮೆ ಇರುವ ಪಟ್ಟಿಗಳು ನನಗೆ ಸಿಕ್ಕವು. ಪುಕ್ಕಟೆ ಸಿಗುವ ಪ್ಯಾಲೆಟ್ ಎಂಬ ಮಾತನ್ನು ಮಾತ್ರ ನಂಬಬಾರದು. ಲಾರಿ ಬಾಡಿಗೆ, ಹೊರೆ ಇಳಿಸುವ ಕೂಲಿ, ಬಿಚ್ಚುವ ಶ್ರಮ ಇವೆಲ್ಲ ಸೇರಿದಾಗ ಮರದ ಬೆಲೆ ಅದರಲ್ಲಿ ಸಣ್ಣ ಪಾಲಾಗಿರುತ್ತದೆ.

ಆರಿಸುವಾಗ ನಾನು ಮೊದಲು ನೋಡುತ್ತಿದ್ದುದು ಮರದ ಮೇಲೆ ಸುಟ್ಟು ಒತ್ತಿದ ಗುರುತನ್ನು. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್‌ಗಳಿಗೆ ಅಂತರರಾಷ್ಟ್ರೀಯ ನಿಯಮವೊಂದಿದೆ. ಗೋಧಿಯ ತೆನೆಯ ಚಿತ್ರ, ದೇಶದ ಎರಡಕ್ಷರದ ಸಂಕೇತ, ತಯಾರಕರ ಸಂಖ್ಯೆ, ಕೊನೆಗೆ ಸಂಸ್ಕರಣೆಯ ವಿಧಾನ ಅದರ ಮೇಲಿರಬೇಕು. ‘ಎಚ್‌ಟಿ’ ಎಂದಿದ್ದರೆ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾದಿದೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಲಾಗಿದೆ. ಆ ಅನಿಲ ಕಾಲಕ್ರಮದಲ್ಲಿ ಆರಿಹೋಗುತ್ತದೆಂದು ವಾದಿಸುವವರಿದ್ದಾರೆ. ಆದರೂ ಮಕ್ಕಳು ಮಲಗುವ ಕೋಣೆಗೆ, ದನದ ಗೋದಲಿಗೆ, ಅಡುಗೆ ಒಲೆಗೆ ಅಂಥ ಮರ ನನಗೆ ಬೇಡವಾಗಿತ್ತು. ದೇಶದೊಳಗೇ ಓಡಾಡುವ ಪ್ಯಾಲೆಟ್‌ಗಳಿಗೆ ಸಾಮಾನ್ಯವಾಗಿ ಯಾವ ಗುರುತೂ ಇರುವುದಿಲ್ಲ. ಅವುಗಳನ್ನು ಮೂಸಿ ನೋಡಿ, ಎಣ್ಣೆ ಅಥವಾ ರಾಸಾಯನಿಕದ ಕಲೆ ಕಂಡರೆ ಬಿಟ್ಟುಬಿಡುತ್ತಿದ್ದೆ. ನೀಲಿ ಬಣ್ಣ ಬಳಿದವು ಸಾಮಾನ್ಯವಾಗಿ ಪ್ಯಾಲೆಟ್ ಬಾಡಿಗೆಗೆ ಕೊಡುವ ಕಂಪನಿಗಳ ಸ್ವತ್ತು. ಗುಜರಿಯವನು ಮಾರಲು ಮುಂದಾದರೂ ಅವುಗಳನ್ನು ಕೊಳ್ಳಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಚ್‌ಟಿ ಗುರುತಿನ ಮರಕ್ಕೆ ಗೆದ್ದಲು ಹಿಡಿಯುವುದಿಲ್ಲ ಎಂಬ ನಂಬಿಕೆ ಗುಜರಿ ಅಂಗಡಿಯಿಂದ ಹಿಡಿದು ಇಂಜಿನಿಯರುಗಳವರೆಗೆ ಹಲವರಲ್ಲಿದೆ. ಶಾಖವು ಅಂದು ಮರದೊಳಗಿದ್ದ ಹುಳುವನ್ನು ಕೊಲ್ಲುತ್ತದೆಯೇ ಹೊರತು ನಾಳೆ ಬರುವ ಗೆದ್ದಲನ್ನು ತಡೆಯುವ ಯಾವುದನ್ನೂ ಮರದಲ್ಲಿ ಉಳಿಸುವುದಿಲ್ಲ. ಹೊರದೇಶದಿಂದ ಬರುವ ಪೈನ್ ಮರವಂತೂ ನಮ್ಮ ಕೆಂಪು ನೆಲದ ಗೆದ್ದಲಿಗೆ ಹಬ್ಬದೂಟ. ಆದ್ದರಿಂದ ಗೆದ್ದಲಿನ ವಿರುದ್ಧದ ರಕ್ಷಣೆಯನ್ನು ಮರದಲ್ಲಿ ಹುಡುಕದೆ ಕಟ್ಟಡದ ರಚನೆಯಲ್ಲೇ ಇಟ್ಟೆವು. ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ ಕಟ್ಟಿ, ಅದರ ಮೇಲೆ ತಗಡು ಹಾಸಿ, ತಗಡಿನ ಅಂಚನ್ನು ಎರಡು ಅಂಗುಲ ಹೊರಚಾಚಿ ಕೆಳಕ್ಕೆ ಬಾಗಿಸಿದೆವು. ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡೇ ಮೇಲೇರಬೇಕು; ಆ ಬಾಗಿದ ಅಂಚನ್ನು ಸುತ್ತಿ ಬರುವಾಗ ಕೊಳವೆ ಕಣ್ಣಿಗೆ ಬೀಳುತ್ತದೆ, ಪೊರಕೆಯಿಂದ ಗುಡಿಸಿದರೆ ಮುಗಿಯಿತು. ಕಟ್ಟೆಗೆ ತಾಗಿ ಸೌದೆ ಒಟ್ಟುವುದನ್ನೂ ಹೂವಿನ ಗಿಡ ಹಾಕುವುದನ್ನೂ ಮನೆಯಲ್ಲಿ ಕಟ್ಟುನಿಟ್ಟಾಗಿ ನಿಷೇಧಿಸಿದ್ದೇವೆ. ಇದರ ಮೇಲೆ ಹಲಗೆಗಳಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಸಲ ಬಳಿದೆವು. ಮಳೆ ಬಿದ್ದರೆ ಅದು ತೊಳೆದುಹೋಗುವುದರಿಂದ ಒಳಭಾಗದ ಮರಕ್ಕೆ ಮಾತ್ರ ಅದು ತಕ್ಕದ್ದು. ಹೊರಗಿನ ಬಾಗಿಲು, ಕಿಟಕಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದೆವು. ಅದು ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುವುದರಿಂದ ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬಾರದು.

ಬಿಚ್ಚುವ ಕೆಲಸವೇ ಎಲ್ಲಕ್ಕಿಂತ ಬೇಸರದ್ದು. ಪ್ಯಾಲೆಟ್‌ಗೆ ಹೊಡೆಯುವ ಮೊಳೆಗೆ ತಿರುಚು ಅಥವಾ ಬಳೆಬಳೆಯಾದ ಗೀರು ಇರುತ್ತದೆ, ಅದು ಕೀಳಲು ಬರಬಾರದೆಂದೇ ಮಾಡಿದ್ದು. ಹಲಗೆಯ ತುದಿಗೆ ಹಾರೆ ಹಾಕಿ ಮೀಟಿದರೆ ತುದಿ ಸೀಳುತ್ತದೆ, ಮೊಳೆ ಅಲ್ಲೇ ಉಳಿಯುತ್ತದೆ. ನಮ್ಮೂರಿನ ಆಚಾರ್ರು ಇದನ್ನು ನೋಡಿ, “ಅಲ್ಲ ಸ್ವಾಮಿ, ಒಂದು ಕಡೆಯಿಂದ ಎತ್ತಿದ್ರೆ ಅದು ಸೀಳ್ದೆ ಇನ್ನೇನು ಮಾಡುತ್ತೆ, ಎರಡೂ ಕಡೆ ಒಟ್ಟಿಗೆ ಏಳಬೇಕು” ಎಂದರು. ಅವರು ಹೇಳಿದಂತೆ ವೆಲ್ಡಿಂಗ್ ಅಂಗಡಿಯಲ್ಲಿ ಕವೆಯಾಕಾರದ ಎರಡು ಹಲ್ಲಿನ ಸನ್ನೆಗೋಲು ಮಾಡಿಸಿದೆವು. ಅಡ್ಡಪಟ್ಟಿಯ ಎರಡೂ ಬದಿಗೆ ಒಂದೊಂದು ಹಲ್ಲು ಕೂರಿಸಿ ಮೇಲಿನಿಂದ ಒತ್ತಿದರೆ ಹಲಗೆ ಸಮನಾಗಿ ಮೇಲೇಳುತ್ತದೆ. ಅದಕ್ಕೂ ಬಗ್ಗದ ಕಡೆ ಹಲಗೆ ಮತ್ತು ಪಟ್ಟಿಯ ನಡುವೆ ಕಬ್ಬಿಣ ಕೊಯ್ಯುವ ಬ್ಲೇಡ್ ತೂರಿಸಿ ಮೊಳೆಯನ್ನೇ ಕತ್ತರಿಸಿ, ತಲೆಯನ್ನು ಹಲಗೆಯಲ್ಲೇ ಬಿಟ್ಟೆವು. ಹಲಗೆ ನುಣುಪು ಮಾಡಲು ತೋಪಡ ಹಿಡಿಯುವ ಮುನ್ನ ಆ ತಲೆಗಳನ್ನು ಒಳಕ್ಕೆ ಹೊಡೆಯದಿದ್ದರೆ ತೋಪಡದ ಅಲಗು ಉಳಿಯುವುದಿಲ್ಲ.

ಇಷ್ಟೆಲ್ಲ ಶ್ರಮವಿರುವುದರಿಂದ, ಬಿಚ್ಚದೆ ಇಡಿಯಾಗಿ ಬಳಸಬಹುದಾದ ಕಡೆ ಬಿಚ್ಚಬಾರದು ಎಂಬುದು ನನ್ನ ನಿಲುವು. ಗೋಡೆಗೆ ನಾವು ಇಡೀ ಪ್ಯಾಲೆಟ್‌ಗಳನ್ನೇ ನಿಲ್ಲಿಸಿದೆವು. ಆದರೆ ಚಾವಣಿಯ ಭಾರವನ್ನು ಅವುಗಳ ಮೇಲೆ ಹೊರಿಸಲಿಲ್ಲ. ಒಂದೊಂದು ಪ್ಯಾಲೆಟ್‌ನ ಮರ ಒಂದೊಂದು ಜಾತಿಯದು, ಒಂದರ ಮೊಳೆ ಬಿಗಿ, ಇನ್ನೊಂದರದು ಸಡಿಲ. ಇಂಥ ಸಾಮಗ್ರಿಯ ಬಲವನ್ನು ಯಾರೂ ಲೆಕ್ಕ ಹಾಕಿ ಹೇಳಲಾರರು. ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದನ್ನು ನೋಡಿದವರಿಗೆ ಈ ಜಿಲ್ಲೆಯ ಗಾಳಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಹೀಗಾಗಿ ಕಟ್ಟೆಯೊಳಗೆ ಕಾಂಕ್ರೀಟಿನಲ್ಲಿ ಹೂತ ಚೌಕ ಪೈಪಿನ ಕಬ್ಬಿಣದ ಕಂಬಗಳು ಎರಡು ಮೀಟರಿಗೊಂದರಂತೆ ನಿಂತು ಚಾವಣಿಯನ್ನು ಹೊರುತ್ತವೆ, ಮೂಲೆಗಳಲ್ಲಿ ಓರೆಪಟ್ಟಿಗಳು ಗಾಳಿಯ ತಳ್ಳಾಟವನ್ನು ತಡೆಯುತ್ತವೆ, ಪ್ಯಾಲೆಟ್‌ಗಳು ಕಂಬಗಳ ನಡುವಿನ ಜಾಗವನ್ನು ತುಂಬುತ್ತವೆ. ಸಾಮಾನ್ಯ ಅಳತೆಯಾದ 1200 ಗುಣಿಸು 1000 ಮಿಲಿಮೀಟರಿನ ಪ್ಯಾಲೆಟ್ ಅಗಲಕ್ಕೆ ಎರಡು, ಎತ್ತರಕ್ಕೆ ಎರಡು ಕೂರುತ್ತದೆ. ಗೋಡೆಯ ಎತ್ತರ 2.4 ಮೀಟರ್ ಆಗುತ್ತದೆ.

ನಿಲ್ಲಿಸುವಾಗ ಒಳಗಿನ ದಪ್ಪ ಪಟ್ಟಿಗಳು ಲಂಬವಾಗಿರಬೇಕು, ಹಲಗೆಗಳು ಅಡ್ಡಡ್ಡ ಬರಬೇಕು. ಆಗ ಮೇಲಿನಿಂದ ಮಣ್ಣು ತುಂಬಿ ಕುಟ್ಟಲು ದಾರಿಯಿರುತ್ತದೆ, ಹಲಗೆಗಳ ನಡುವಿನ ಸಂದುಗಳಲ್ಲಿ ಗಿಲಾವು ಹಿಡಿದುಕೊಳ್ಳುತ್ತದೆ. ಪ್ಯಾಲೆಟ್ ಗೋಡೆಯನ್ನು ಟೊಳ್ಳಾಗಿ ಬಿಟ್ಟ ಚಿತ್ರಗಳನ್ನು ಹೊರದೇಶಗಳವರು ತೋರಿಸುತ್ತಾರೆ, ನಮ್ಮಲ್ಲಿ ಅದು ನಡೆಯದು. ಟೊಳ್ಳು ಗೋಡೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಹೊಲದ ಕೆಂಪು ಮಣ್ಣು ಎರಡು ಪಾಲು, ದಾವಣಗೆರೆಯ ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟು ಒಂದು ಪಾಲು ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು ಹಾಕಿ, ಅಡಿಯಡಿಯಾಗಿ ತುಂಬಿ ಒಣಗಲು ಬಿಟ್ಟೆವು. ಮಣ್ಣು ತೀರ ನೀರಾಗಿದ್ದರೆ ಹಲಗೆಗೆ ಬಳಿದ ಬೋರಾಕ್ಸ್ ಅದರೊಳಕ್ಕೆ ಇಳಿದುಹೋಗುತ್ತದೆ, ಮರವೂ ಸೊಟ್ಟಗಾಗುತ್ತದೆ. ಮಾಘ, ಫಾಲ್ಗುಣದ ಒಣಗಾಳಿ ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲ. ಮಣ್ಣು ಒಣಗಿ ಕುಗ್ಗಿದಾಗ ಮೇಲ್ತುದಿಯಲ್ಲಿ ಬೀಳುವ ಬಿರುಕನ್ನು ಮತ್ತೆ ತುಂಬಿ, ಎರಡೂ ಬದಿಗೆ ಮಣ್ಣು ಮತ್ತು ಸಗಣಿಯ ಗಿಲಾವು ಮಾಡಿ, ಹೊರಮೈಗೆ ಸುಣ್ಣ ಬಳಿದೆವು. ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆ ಮಾತ್ರ ಪೂರ್ತಿ ಕಲ್ಲಿನದು, ಬೆಂಕಿಯ ಪಕ್ಕದಲ್ಲಿ ಪೈನ್ ಮರವಿರುವುದು ಸರಿಯಲ್ಲ.

ಚಾವಣಿಯ ವಿಷಯದಲ್ಲಿ ಬಹಳ ಯೋಚಿಸಬೇಕಾಯಿತು. ನಮ್ಮ ಜಿಲ್ಲೆಯ ಹಳೆಯ ಮಾಳಿಗೆ ಮನೆಗಳ ತಂಪು ಎಲ್ಲರಿಗೂ ಗೊತ್ತಿರುವುದೇ. ಅವುಗಳ ಮೇಲೆ ಹಾಸುವ ಚೌಳು ಮಣ್ಣು ನೀರು ಬಿದ್ದೊಡನೆ ನುಣ್ಣಗೆ ಹರಡಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವುದರಿಂದ ಮಳೆ ಕೆಳಗಿಳಿಯುವುದಿಲ್ಲ. ಅದನ್ನೇ ಮಾಡುವ ಆಸೆ ನನಗಿತ್ತು. ಆದರೆ ಅರ್ಧ ಅಡಿ ದಪ್ಪದ ಮಣ್ಣು ಚದರ ಮೀಟರಿಗೆ 240 ಕಿಲೋ ಹತ್ತಿರ ತೂಗುತ್ತದೆ. 36 ಚದರ ಮೀಟರಿನ ಮನೆಯ ಮೇಲೆ ಎಂಟು ಟನ್ನಿಗಿಂತ ಹೆಚ್ಚು ಭಾರ ಬೀಳುತ್ತದೆ. ಅಷ್ಟು ಭಾರ ಹೊರಲು ಬೇಕಾದ ತೊಲೆ, ಜಂತೆಗಳಿಗೆ ಪ್ಯಾಲೆಟ್ ಮರ ಸಾಲದು. ಜೊತೆಗೆ ಮಣ್ಣಿನ ಮಾಳಿಗೆಯ ನೀರನ್ನು ಕುಡಿಯಲಾಗದು, ನಮಗಾದರೋ ಚಾವಣಿಯ ನೀರೇ ಕುಡಿಯುವ ನೀರು. ಹೀಗಾಗಿ ಶೀಟು ಹಾಕಿ, ಅದರ ಕೆಳಗೆ ಗಾಳಿಯಾಡಲು ಒಂದು ಅಡಿ ಅಂತರ ಬಿಟ್ಟು, ಬಿಚ್ಚಿದ ಪ್ಯಾಲೆಟ್ ಹಲಗೆಗಳ ಒಳಚಾವಣಿ ಹೊಡೆಸಿದೆವು. ಅಂತರದ ಎರಡೂ ತುದಿಗೆ ಇಲಿ ನುಗ್ಗದಂತೆ ಜಾಲರಿ ಇದೆ. ಒಂದು ಪ್ಯಾಲೆಟ್ ಬಿಚ್ಚಿದರೆ ಸಿಕ್ಕ ಒಳ್ಳೆಯ ಹಲಗೆ ಅರ್ಧ ಚದರ ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಗೋಡೆಗಳಿಗೆ ನಲವತ್ತರಷ್ಟು ಪ್ಯಾಲೆಟ್ ಸಾಕಾದರೆ ಒಳಚಾವಣಿಯೊಂದೇ ಅದರ ಒಂದೂವರೆ ಪಟ್ಟು ನುಂಗಿತು.

ನೀರಿನ ಲೆಕ್ಕ ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸೂರು ಸೇರಿ ನಮ್ಮ ಚಾವಣಿ 45 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಎಂದು ಕೈಬಿಗಿದು ಹಿಡಿದು, ಐದನೇ ಒಂದು ಪಾಲು ನಷ್ಟ ಕಳೆದರೂ 18,000 ಲೀಟರ್ ಬರುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಎಂದುಕೊಂಡರೆ ಮಳೆಯಿಲ್ಲದ ಆರು ತಿಂಗಳಿಗೆ ಬೇಕಾದದ್ದು 5,400 ಲೀಟರ್. ಆದರೂ ತೊಟ್ಟಿಯನ್ನು 10,000 ಲೀಟರಿನದೇ ಕಟ್ಟಿಸಿದೆವು, ಏಕೆಂದರೆ ಇಲ್ಲಿನ ಸರಾಸರಿಯನ್ನು ನಂಬುವಂತಿಲ್ಲ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಳೆಗಾಲದ ಮೊದಲ ನೀರನ್ನು ಹೊರಗೆ ಬಿಟ್ಟು, ಆಮೇಲೆ ಮರಳು, ಇದ್ದಿಲಿನ ಸೋಸುಕದ ಮೂಲಕ ತೊಟ್ಟಿಗೆ ಇಳಿಸುತ್ತೇವೆ. ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವಾಗ ಮಳೆನೀರು ಕುಡಿಯುವುದೇ ಲೇಸು. ಸ್ನಾನ, ಬಟ್ಟೆ ಮತ್ತು ಗಿಡಗಳಿಗೆ ಕೃಷಿ ಹೊಂಡವಿದೆ.

ವಿದ್ಯುತ್ತಿನ ವಿಷಯಕ್ಕೆ ಬಂದರೆ, ಗೃಹಜ್ಯೋತಿಯಲ್ಲಿ ಸರ್ಕಾರ 200 ಯೂನಿಟ್‌ವರೆಗೆ ಪುಕ್ಕಟೆ ಕೊಡುತ್ತಿರುವಾಗ ಈ ಹಟವೇಕೆ ಎಂದು ನೆಂಟರು ಕೇಳುತ್ತಾರೆ. ಕರೆಂಟು ಪುಕ್ಕಟೆಯಾದರೂ ಹೊಲದ ತನಕ ಕಂಬ, ತಂತಿ ಎಳೆಸುವ ಖರ್ಚು ಪುಕ್ಕಟೆಯಲ್ಲ. ಫಲಕ ಕೊಳ್ಳುವ ಮೊದಲು ಬಳಕೆಯನ್ನು ಬರೆದು ನೋಡಿದೆವು. ಎಲ್‌ಇಡಿ ದೀಪಗಳಿಗೆ ಕಾಲು ಯೂನಿಟ್, ಕಡಿಮೆ ವಿದ್ಯುತ್ ಬಳಸುವ 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಎರಡಕ್ಕೆ ಹತ್ತು ಗಂಟೆಗೆ 0.6 ಯೂನಿಟ್, ಮೊಬೈಲ್ ಮತ್ತು ಲ್ಯಾಪ್‌ಟಾಪ್ ಸೇರಿದರೆ ದಿನಕ್ಕೆ ಒಂದು ಯೂನಿಟ್ ಚಿಲ್ಲರೆ. ಇದಕ್ಕೆ 330 ವಾಟಿನ ಎರಡು ಫಲಕ, 150 ಎಎಚ್ (ಆಂಪಿಯರ್-ಗಂಟೆ) ಸಾಮರ್ಥ್ಯದ 12 ವೋಲ್ಟಿನ ಎರಡು ಟ್ಯೂಬುಲರ್ ಬ್ಯಾಟರಿ ಸಾಕಾಯಿತು. ಬ್ಯಾಟರಿಗಳಲ್ಲಿ ಒಟ್ಟು 3.6 ಯೂನಿಟ್ ಇದ್ದರೂ ಅರ್ಧಕ್ಕಿಂತ ಕೆಳಗಿಳಿಸಿದರೆ ಆಯುಷ್ಯ ಕುಗ್ಗುವುದರಿಂದ ನಮಗೆ ಸಿಗುವುದು 1.8 ಯೂನಿಟ್, ಎಂದರೆ ಒಂದೂವರೆ ದಿನದ ಬಳಕೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗರಗಸದ ಯಂತ್ರ ಇವು ಏನಿದ್ದರೂ ನಡುಹಗಲಿನಲ್ಲಿ, ಒಂದರ ನಂತರ ಒಂದು. ಆಷಾಢದಲ್ಲಿ ಮೋಡ ಮುಸುಕಿದ ವಾರಗಳಲ್ಲಿ ಇಸ್ತ್ರಿ ಇರುವುದಿಲ್ಲ, ಒಂದು ಫ್ಯಾನ್ ನಿಲ್ಲುತ್ತದೆ; ಗಾಳಿ ಬೀಸುವ ತಿಂಗಳಾದ್ದರಿಂದ ಅದರ ಕೊರತೆಯೂ ಕಾಣುವುದಿಲ್ಲ. ಫ್ರಿಜ್ ಬೇಕೆನ್ನುವವರು ಈ ಲೆಕ್ಕವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಳ್ಳಬೇಕಾಗುತ್ತದೆ. ಫಲಕಗಳನ್ನು ದಕ್ಷಿಣಕ್ಕೆ ಮುಖಮಾಡಿ, ನಮ್ಮ ಅಕ್ಷಾಂಶಕ್ಕೆ ತಕ್ಕಂತೆ 14 ಡಿಗ್ರಿ ಓರೆಯಾಗಿ, ನೆಲಕ್ಕೆ ಹತ್ತಿರದ ಚೌಕಟ್ಟಿನ ಮೇಲೆ ಕೂರಿಸಿದ್ದೇವೆ. ಧೂಳು ಒರೆಸಲು ಏಣಿ ಹತ್ತಬೇಕಾಗಿಲ್ಲ, ಚಾವಣಿಗೆ ಗಾಳಿಯ ಎಳೆತವೂ ಹೆಚ್ಚುವುದಿಲ್ಲ.

ಅಡುಗೆಗೆ ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆ. ಸೀಮೆಜಾಲಿ ಈ ಕಡೆ ಬೇಡವೆಂದರೂ ಬೆಳೆಯುತ್ತದೆ, ಜೊತೆಗೆ ಎಚ್‌ಟಿ ಗುರುತಿನ ಪ್ಯಾಲೆಟ್‌ಗಳ ತುಂಡುಗಳನ್ನೂ ಉರಿಸುತ್ತೇವೆ. ಗುರುತಿಲ್ಲದವು, ಬಣ್ಣ ಬಳಿದವು ಒಲೆಗೆ ಹೋಗುವುದಿಲ್ಲ. ಬಿಚ್ಚದೆ ಉಳಿದ ಒರಟು ಪ್ಯಾಲೆಟ್‌ಗಳು ನಾಲ್ಕು ನಾಲ್ಕರಂತೆ ಮೂಲೆ ಸೇರಿಸಿ ಕಟ್ಟಿದ ಗೊಬ್ಬರದ ತೊಟ್ಟಿಗಳಾಗಿವೆ. ಅವು ನೆಲಕ್ಕೆ ತಾಗಿಯೇ ನಿಂತಿರುವುದರಿಂದ ಕೆಲವೇ ವರ್ಷಗಳಲ್ಲಿ ಗೆದ್ದಲಿಗೆ ಸಲ್ಲುತ್ತವೆಂಬುದು ತಿಳಿದೇ ಇದೆ, ಆಗ ಬೇರೆ ತಂದು ನಿಲ್ಲಿಸುವುದು.

ಹೊರಗೋಡೆಯ ಪಡುವಣ ಮುಖಕ್ಕೆ ಮಾತ್ರ ಪ್ರತಿ ಬೇಸಿಗೆಯಲ್ಲಿ ಗಿಲಾವು ಮತ್ತು ಸುಣ್ಣ ಹೊಸದಾಗಿ ಬೇಕಾಗುತ್ತದೆ, ಮಳೆಯ ಎರಚಲು ಹೆಚ್ಚು ಬಡಿಯುವುದು ಆ ಕಡೆಗೇ. ಶೀಟಿನ ಬೋಲ್ಟುಗಳನ್ನು ಆಷಾಢಕ್ಕೆ ಮುಂಚೆ ಬಿಗಿ ಮಾಡುತ್ತೇವೆ, ತಗಡಿನ ಅಂಚನ್ನು ತಿಂಗಳಿಗೊಮ್ಮೆ ಸುತ್ತು ಹಾಕಿ ನೋಡುತ್ತೇವೆ. ಈಗ ಕುರಿಗಳಿಗೆ ಒಂದು ಅಟ್ಟದ ದೊಡ್ಡಿ ಕಟ್ಟುವ ತಯಾರಿಯಲ್ಲಿದ್ದೇನೆ. ಹಿಕ್ಕೆ ಕೆಳಗೆ ಉದುರುವಂತೆ ಸಂದು ಬಿಟ್ಟು ಹೊಡೆಯಬೇಕಾದ ಆ ಅಟ್ಟಕ್ಕೆ ಪ್ಯಾಲೆಟ್ ಹಲಗೆ ತಕ್ಕುದಾಗಿದೆ, ಕೆಳಗಿನ ಕಂಬಗಳಿಗೆ ಮಾತ್ರ ಕಲ್ಲೇ ಆಗಬೇಕು.