ಕೆರೆಯ ಬಗ್ಗೆ ಒಂದು ಪ್ರಶ್ನೆ: ಹಾಸನದಿಂದ ಇತಿಹಾಸದ ಪಿಎಚ್‌ಡಿಗೆ ನಾನು ತಯಾರಾದ ಬಗೆ

ಇತಿಹಾಸದಲ್ಲಿ ಎಂಎ ಮುಗಿಸಿ ಪಿಎಚ್‌ಡಿಗೆ ಅರ್ಜಿ ಹಾಕಬೇಕು ಅಂತಿರುವವರು ನನ್ನನ್ನು ಮೊದಲು ಕೇಳುವುದು ನೆಟ್ ಬಗ್ಗೆ, ಅಂದರೆ ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಬಗ್ಗೆ. ಯಾವ ಗೈಡ್ ಓದಿದಿರಿ, ಕೋಚಿಂಗ್ ಹೋಗಿದ್ದಿರಾ, ಕಟ್ಆಫ್ ಎಷ್ಟಿತ್ತು? ಅದನ್ನೂ ಹೇಳುತ್ತೇನೆ. ಆದರೆ ನನ್ನ ತಯಾರಿಯಲ್ಲಿ ಜಾಸ್ತಿ ಕಾಲ ಹಿಡಿದದ್ದು ಸಂಶೋಧನಾ ಪ್ರಸ್ತಾವ. ಸಂದರ್ಶನದಲ್ಲಿ ನನ್ನನ್ನು ಕಾಪಾಡಿದ್ದೂ ಅದೇ. ಆ ಪ್ರಸ್ತಾವದಲ್ಲೂ ಮುಖ್ಯವಾದದ್ದು ಒಂದೇ ವಾಕ್ಯ: ನಾನು ಕೇಳುತ್ತಿರುವ ಪ್ರಶ್ನೆ ಏನು?

ನಮ್ಮೂರು ಅರಸೀಕೆರೆ ತಾಲ್ಲೂಕಿನಲ್ಲಿ. ಬಿಎವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಎಂಎ ಮಾಡಿದ್ದು ಹಾಸನದ ಹೇಮಗಂಗೋತ್ರಿಯಲ್ಲಿ. ನಾನು ಸೇರಿದಾಗ ಅದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಹೊರರಾಜ್ಯದ ದೊಡ್ಡ ವಿಶ್ವವಿದ್ಯಾಲಯಕ್ಕೆ ನಮ್ಮಂಥವರು ಹೋಗಬಹುದಾ ಅನ್ನುವ ಅಳುಕು ನಮ್ಮ ಕ್ಲಾಸಿನಲ್ಲಿ ಬಹಳ ಜನಕ್ಕಿತ್ತು. ಹೋಗಬಹುದು. ಕನ್ನಡದಲ್ಲಿ ಓದಿದವರಿಗೆ ಅಲ್ಲಿ ಒಂದು ದೊಡ್ಡ ಬಲವೇ ಇದೆ. ಅದು ಗೊತ್ತಾಗಲು ನನಗೆ ವಿಷಯ ಹುಡುಕುವ ಕೆಲಸವೇ ಬೇಕಾಯಿತು.

ಹಾಸನದಲ್ಲಿ ಇತಿಹಾಸ ಓದಿದವರಿಗೆ ಹೊಯ್ಸಳರನ್ನು ಬಿಟ್ಟು ಬೇರೆ ಹೊಳೆಯುವುದು ಕಷ್ಟ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಎಲ್ಲರ ಬಾಯಲ್ಲೂ ವಾಸ್ತುಶಿಲ್ಪದ ಮಾತೇ. ನನ್ನ ಮನಸ್ಸು ಕೆರೆಗಳ ಕಡೆ ಇತ್ತು. ಜಿಲ್ಲೆಯ ಪಶ್ಚಿಮಕ್ಕೆ ಸಕಲೇಶಪುರ, ಅಲ್ಲಿ ಮಳೆಗೆ ಬರವಿಲ್ಲ. ಪೂರ್ವಕ್ಕೆ ನಮ್ಮ ಅರಸೀಕೆರೆ ಬಯಲು, ಇಲ್ಲಿ ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಹೊಯ್ಸಳರ ಕಾಲದ ನೀರಾವರಿ ಅಂತ ಒಂದು ಪುಟ ಬರೆದುಕೊಂಡು ನಮ್ಮ ಮೇಡಂ ಹತ್ತಿರ ಹೋದೆ.

ಅವರು ಓದಿ ಹೇಳಿದ್ದು ಇಷ್ಟೇ: "ಇದು ವಿಷಯ ಕಣಮ್ಮ, ಪ್ರಶ್ನೆ ಅಲ್ಲ. ನಿನ್ನ ಪ್ರಶ್ನೆ ಏನು? ಅದಕ್ಕೆ ಉತ್ತರ ಎಲ್ಲಿ ಸಿಗುತ್ತೆ?"

ಈ ಎರಡು ಮಾತು ಇಟ್ಟುಕೊಂಡೇ ಮುಂದಿನ ಕೆಲಸವೆಲ್ಲ ನಡೆಯಿತು. ಪ್ರಶ್ನೆ ಸಿಕ್ಕಿದ್ದು ಮನೆಯಲ್ಲಿ. ನಮ್ಮೂರ ಕೆರೆಯ ಹೂಳಿನ ಬಗ್ಗೆ ಮಾತಾಡುತ್ತಾ ಅಪ್ಪ ಅಂದರು: "ಕೆರೆ ಕಟ್ಟೋದು ಒಂದ್ಸಲ ಕಣಮ್ಮ. ಏರಿ ನೋಡ್ಕೊಳ್ಳೋದು, ತೂಬು ನೋಡ್ಕೊಳ್ಳೋದು, ಹೂಳು ತೆಗೆಯೋದು ವರ್ಷ ವರ್ಷದ ಕೆಲಸ. ಅದಕ್ಕೆ ದುಡ್ಡು ಯಾರು ಕೊಡ್ತಾರೆ?" ಅಪ್ಪ ಕೇಳಿದ್ದು ಈಗಿನ ಕಾಲದ ಬಗ್ಗೆ. ನಾನು ಅದನ್ನೇ ಹನ್ನೆರಡು, ಹದಿಮೂರನೇ ಶತಮಾನಕ್ಕೆ ಕೇಳಿದೆ. ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕಟ್ಟಿದ ಮೇಲೆ ಆ ಕೆರೆಯನ್ನು ಉಳಿಸಿಕೊಂಡವರು ಯಾರು? ಅರಸನಾ, ದೇವಸ್ಥಾನನಾ, ಊರಿನ ಗೌಡರಾ, ವ್ಯಾಪಾರಿಗಳಾ? ಖರ್ಚು ಎಲ್ಲಿಂದ ಬರುತ್ತಿತ್ತು?

ಮೇಡಮ್ಮರ ಎರಡನೇ ಪ್ರಶ್ನೆಗೆ ಉತ್ತರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿತ್ತು, ಅಂದರೆ ಶಾಸನಗಳನ್ನು ಜಿಲ್ಲಾವಾರು ಅಚ್ಚು ಮಾಡಿದ ಸಂಪುಟಗಳಲ್ಲಿ. ಆಗ ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಐದನೇ ಸಂಪುಟವಾಗಿ ತಂದದ್ದು 1902ರಲ್ಲಿ. ಸ್ಕ್ಯಾನ್ ಆದ ಪ್ರತಿ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಶಾಸನಗಳು ತಾಲ್ಲೂಕುವಾರು ಇವೆ, ಒಂದೊಂದಕ್ಕೂ ನಂಬರು. ಸಕಲೇಶಪುರ ಹುಡುಕಿದರೆ ಸಿಗುವುದಿಲ್ಲ, ಅದು ಹಳೆಯ ಹೆಸರಿನಲ್ಲಿ ಮಂಜರಾಬಾದ್ ಅಂತಿದೆ. ಪಾಠ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಇದೆ, ಜೊತೆಗೆ ಇಂಗ್ಲಿಷ್ ಅನುವಾದ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಹೊರತಂದ ಪರಿಷ್ಕೃತ ಸಂಪುಟಗಳೂ ಇವೆ. ಸಿಕ್ಕಿದ ಕಡೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ಗೆರೆ ಹಾಕಿದೆ. ಶಾಸನದ ನಂಬರು, ಊರು, ಶಕವರ್ಷ, ಕಟ್ಟಿಸಿದವರು, ಬಿಟ್ಟ ಭೂಮಿ, ನೋಡಿಕೊಳ್ಳಬೇಕಾದವರು. ಶಕವರ್ಷಕ್ಕೆ 78 ಸೇರಿಸಿದರೆ ನಮ್ಮ ಇಸವಿ ಬರುತ್ತದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ ಶಕ 1039, ಅಂದರೆ 1117, ಹೀಗೇ ಬಂದದ್ದು. ಶಾಸನದಲ್ಲಿ ಹೊಗಳಿಕೆಯ ಭಾಗ ಉದ್ದ ಇರುತ್ತದೆ. ಅರಸನ ಬಿರುದುಗಳು, ವಂಶಾವಳಿ, ಯುದ್ಧ. ನನಗೆ ಬೇಕಾದದ್ದು ಬಹುಪಾಲು ಕೊನೆಯ ಕೆಲವು ಸಾಲುಗಳಲ್ಲಿ ಇರುತ್ತಿತ್ತು. ಗದ್ದೆ ಇಷ್ಟು ಸಲಗೆ, ಬೆದ್ದಲು ಇಷ್ಟು ಕಂಬ, ಈ ಹಳ್ಳದಿಂದ ಪಡುವಲು, ಆ ಹುಣಸೆ ಮರದಿಂದ ಮೂಡಲು ಅನ್ನುವ ಥರದ ಎಲ್ಲೆಗಳು. ಕೆರೆಗಾಗಿ ಬಿಟ್ಟ ಭೂಮಿಗೆ ಬಿತ್ತುವಟ್ಟ ಅನ್ನುತ್ತಿದ್ದರು. ಹೂಳು ಹೊರುವ ಬಂಡಿ ನಡೆಸುವುದಕ್ಕೆ ಭೂಮಿ ಬಿಟ್ಟ ದಾಖಲೆಗಳೂ ಕರ್ನಾಟಕದ ಶಾಸನಗಳಲ್ಲಿವೆ. ಒಂದು ಬಂಡಿ, ಎತ್ತು, ಅದನ್ನು ಹೊಡೆಯುವವನ ಕೂಲಿ, ಇಷ್ಟಕ್ಕೂ ಕಲ್ಲಿನಲ್ಲಿ ಬರೆದು ವ್ಯವಸ್ಥೆ ಮಾಡಿದ್ದಾರೆ! ಅಂಥ ಸಾಲು ಓದಿದ ದಿನ ನನಗೆ ಈ ಕೆಲಸ ಬಿಡಲು ಸಾಧ್ಯವಿಲ್ಲ ಅನ್ನಿಸಿತು.

ನಮ್ಮ ಬಲ ಇಲ್ಲೇ ಇರುವುದು. ಈ ಸಾಲುಗಳನ್ನು ಅನುವಾದದಲ್ಲಿ ಓದುವವರಿಗೆ ಏರಿ, ಕೋಡಿ, ತೂಬು, ಅಚ್ಚುಕಟ್ಟು ಒಂದೂ ಕಣ್ಣಿಗೆ ಬರುವುದಿಲ್ಲ. ಕೆರೆ ಬಯಲಲ್ಲಿ ಬೆಳೆದವರಿಗೆ ಬರುತ್ತದೆ. ನೀರಗಂಟಿ ಯಾವ ಗದ್ದೆಗೆ ಮೊದಲು ನೀರು ಬಿಡುತ್ತಾನೆ, ಯಾಕೆ ಅನ್ನುವುದು ನಮಗೆ ಜಗಳ ನೋಡಿಯೇ ಗೊತ್ತು. ಹಳಗನ್ನಡ, ನಡುಗನ್ನಡ ಕಷ್ಟವೇ, ಇಲ್ಲ ಅನ್ನುವುದಿಲ್ಲ. ಆದರೆ ಶಾಸನದ ಭಾಷೆ ಕಾವ್ಯದಷ್ಟು ಕಷ್ಟವಿಲ್ಲ. ದಾನದ ಭಾಗದಲ್ಲಿ ಅದೇ ಮಾತುಗಳು ತಿರುಗಿ ತಿರುಗಿ ಬರುತ್ತವೆ. ದಾನ ಕೆಡಿಸಿದವರು ಗಂಗೆಯ ತಡಿಯಲ್ಲಿ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪಕ್ಕೆ ಹೋಗುತ್ತಾರೆ ಅನ್ನುವ ಶಾಪವನ್ನು ಕೆಲವು ಶಾಸನಗಳಲ್ಲಿ ಓದಿದ ಮೇಲೆ ನೀವೇ ಬಾಯಿಪಾಠ ಹೇಳುತ್ತೀರಿ.

ಇಂಗ್ಲಿಷ್ ಕಲಿಯಲು ನನಗೆ ನೆರವಾದದ್ದೂ ಈ ಸಂಪುಟವೇ. ಕನ್ನಡ ಪಾಠ ಓದಿ, ಅರ್ಥ ಮಾಡಿಕೊಂಡು, ಆಮೇಲೆ ರೈಸ್ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದ್ದಾರೆ ನೋಡುತ್ತಿದ್ದೆ. ಈಗಿನ ವಿದ್ವಾಂಸರ ಲೇಖನಗಳಿಗೆ ಬೇರೆ ಕ್ರಮ ಇಟ್ಟುಕೊಂಡೆ. ಮೊದಲ ಎರಡು ಪುಟ, ಕೊನೆಯ ಎರಡು ಪುಟ ಓದುವುದು. ಇವರು ಯಾರ ಮಾತನ್ನು ಒಪ್ಪುವುದಿಲ್ಲ ಅನ್ನುವುದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು. ಆಮೇಲೆ ನಡುವಿನ ಭಾಗಕ್ಕೆ ಹೋಗುವುದು. ಯಾರ ಜೊತೆ ವಾದ ಅಂತ ಗೊತ್ತಾದರೆ ಇಂಗ್ಲಿಷ್ ಅರ್ಧ ಸುಲಭವಾಗುತ್ತದೆ.

ಹೀಗೆ ಓದುವಾಗಲೇ ನನ್ನ ಸಣ್ಣ ಪ್ರಶ್ನೆಗೆ ದೊಡ್ಡ ಚರ್ಚೆಯ ಕೊಂಡಿ ಸಿಕ್ಕಿತು. ದೊಡ್ಡ ನೀರಾವರಿ ಇರುವ ಕಡೆ ಎಲ್ಲವನ್ನೂ ಹಿಡಿತದಲ್ಲಿಟ್ಟುಕೊಂಡ ಬಲವಾದ ರಾಜ್ಯ ಬೆಳೆಯುತ್ತದೆ ಅಂತ ಕಾರ್ಲ್ ವಿಟ್‌ಫೋಗೆಲ್ 1957ರಲ್ಲಿ ವಾದಿಸಿದರು. ದಕ್ಷಿಣ ಭಾರತದಲ್ಲಿ ಅಂಥ ಕೇಂದ್ರದ ಹಿಡಿತ ಇರಲಿಲ್ಲ, ನಾಡುಗಳೇ (ಹಲವು ಊರು ಸೇರಿದ ಸೀಮೆಗಳು) ಬಹುಪಾಲು ತಮ್ಮ ಆಡಳಿತ ನೋಡಿಕೊಳ್ಳುತ್ತಿದ್ದವು ಅಂತ ಚೋಳರನ್ನು ಮುಂದಿಟ್ಟು ಇತಿಹಾಸಕಾರ ಬರ್ಟನ್ ಸ್ಟೈನ್ ಹೇಳಿದರು. ನಮ್ಮ ಬಯಲಿನ ಕೆರೆಗಳು ಯಾವ ಕಡೆ ಸಾಕ್ಷಿ ಹೇಳುತ್ತವೆ? ಊರಿನ ಕೆರೆಯ ಹೂಳಿನಿಂದ ಹೊರಟ ಪ್ರಶ್ನೆ ಇಲ್ಲಿಗೆ ಬಂದು ಸೇರಿದಾಗ ಪ್ರಸ್ತಾವ ನಿಂತಿತು. ಅರ್ಜಿ ಓದುವವರು ನೋಡುವುದು ಇದನ್ನೇ ಅಂತ ನನ್ನ ನಂಬಿಕೆ. ಬರೀ ಸಿದ್ಧಾಂತ ಬರೆದರೆ ಆಕರ ಎಲ್ಲಿ ಅನ್ನುತ್ತಾರೆ. ಬರೀ ಊರಿನ ವಿವರ ಬರೆದರೆ ಇದರಿಂದ ಏನು ಗೊತ್ತಾಗುತ್ತದೆ ಅನ್ನುತ್ತಾರೆ.

ಇನ್ನು ನೆಟ್. 2024ರಿಂದ ಪಿಎಚ್‌ಡಿ ಪ್ರವೇಶಕ್ಕೂ ಇದರ ಅಂಕ ಬಳಸಬಹುದು ಅಂತ ಯುಜಿಸಿ ಹೇಳಿದ ಮೇಲೆ ಇದನ್ನು ಬಿಟ್ಟು ಹೋಗುವುದು ಕಷ್ಟ. ಜೆಆರ್‌ಎಫ್ (ಸಂಶೋಧನೆಗೆ ತಿಂಗಳು ತಿಂಗಳು ಹಣ ಕೊಡುವ ಫೆಲೋಶಿಪ್) ಸಿಗದಿದ್ದರೂ ಪಿಎಚ್‌ಡಿಗೆ ಅರ್ಹರು ಅಂತ ಬಂದರೆ ಆ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಆ ಅಂಕ ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಂದೊಂದಕ್ಕೆ ಎರಡು ಅಂಕ, ಒಟ್ಟು ಮೂರು ಗಂಟೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಇತಿಹಾಸದ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ. ಪಠ್ಯಕ್ರಮದ ಹತ್ತು ಘಟಕಗಳಲ್ಲಿ ಮೊದಲನೆಯದು ಆಕರಗಳ ಬಗ್ಗೆ, ಕೊನೆಯದು ಸಂಶೋಧನಾ ವಿಧಾನ ಮತ್ತು ಇತಿಹಾಸ ಲೇಖನದ ಬಗ್ಗೆ. ಪ್ರಸ್ತಾವಕ್ಕೆ ಓದಿದ್ದೆಲ್ಲ ಈ ಎರಡರಲ್ಲಿ ನೇರವಾಗಿ ಬಳಕೆಗೆ ಬಂತು. ಉಳಿದದ್ದಕ್ಕೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದೆ, ಅಷ್ಟೇ. ಕೋಚಿಂಗ್‌ಗೆ ಹೋಗಲಿಲ್ಲ.

2024ರ ಜೂನ್ 18ರಂದು ಬರೆದ ಪರೀಕ್ಷೆ ಮರುದಿನವೇ ರದ್ದಾಯಿತು. ಬಸ್ ಹತ್ತಿ ದೂರದೂರಿಗೆ ಹೋಗಿ ಬರೆದು ಬಂದ ಎಷ್ಟೋ ಜನ ಕುಸಿದು ಕೂತರು. ನನಗೂ ಬೇಜಾರಾಯಿತು. ಮತ್ತೆ ಪರೀಕ್ಷೆ ನಡೆದದ್ದು ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ದಿನಗಳಲ್ಲಿ. ಆ ನಡುವಿನ ಕಾಲವನ್ನು ಪ್ರಸ್ತಾವಕ್ಕೆ ಹಾಕಿದೆ.

ಕಾಗದ ಪತ್ರಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ರಾಜ್ಯದ 2ಎ, 3ಎ ಪ್ರಮಾಣಪತ್ರ ಸೆಂಟ್ರಲ್ ಯೂನಿವರ್ಸಿಟಿಗಳಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲ ಅನ್ನುವ ಒಬಿಸಿ ಪ್ರಮಾಣಪತ್ರ ಬೇಕು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಅರ್ಜಿಯ ಕೊನೆಯ ದಿನಕ್ಕೆ ಮುಂಚೆ ಸಾಕಷ್ಟು ಸಮಯ ಇಟ್ಟುಕೊಂಡು ನಾಡಕಚೇರಿಗೆ ಹೋಗಿ.

ಪ್ರಸ್ತಾವವನ್ನು ಮೊದಲು ಪೂರ್ತಿ ಕನ್ನಡದಲ್ಲಿ ಬರೆದೆ. ಏನು ಹೇಳಬೇಕು ಅನ್ನುವುದೇ ಗಟ್ಟಿಯಾಗದೆ ಇಂಗ್ಲಿಷಿಗೆ ಕೈ ಹಾಕಿದರೆ ವಾಕ್ಯ ಚೆನ್ನಾಗಿ ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಮೊದಲ ಪ್ಯಾರಾದಲ್ಲೇ ಪ್ರಶ್ನೆ ಇಟ್ಟೆ. ಹೊಯ್ಸಳರು ಕರ್ನಾಟಕದ ಪ್ರಮುಖ ರಾಜಮನೆತನ ಅಂತ ಶುರು ಮಾಡಲಿಲ್ಲ. ಅದು ಓದುವವರಿಗೆ ಗೊತ್ತು. ಆಮೇಲೆ ಈಗಾಗಲೇ ಯಾರು ಏನು ಹೇಳಿದ್ದಾರೆ, ಅವರು ಎಲ್ಲಿ ನಿಲ್ಲಿಸಿದ್ದಾರೆ. ಆಮೇಲೆ ಆಕರ: ಯಾವ ಸಂಪುಟ, ಯಾವ ತಾಲ್ಲೂಕು, ಯಾವ ಕಾಲ. ಒಂದು ಶಾಸನವನ್ನು ಆರಿಸಿಕೊಂಡು, ಅದರ ದಾನದ ಭಾಗದಿಂದ ಏನು ಹೊರಡುತ್ತದೆ ಅಂತ ಬಿಡಿಸಿ ತೋರಿಸಿದೆ. ಇಡೀ ಪ್ರಸ್ತಾವದಲ್ಲಿ ಅದೇ ಚೆನ್ನಾಗಿ ಬಂದಿತ್ತು ಅಂತ ಆಮೇಲೆ ಹೇಳಿದರು. ಸಂಶೋಧನೆ ಮಾಡುತ್ತೇನೆ ಅಂತ ಹೇಳುವುದಕ್ಕಿಂತ ಅದರ ಒಂದು ತುಣುಕನ್ನು ಅಲ್ಲೇ ಮಾಡಿ ತೋರಿಸುವುದು ಮೇಲು.

ಸಂದರ್ಶನ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷ್ ನಿಧಾನ. ಯಾರೂ ಅವಸರ ಮಾಡಲಿಲ್ಲ. ಶಾಸನವನ್ನು ಮೂಲದಲ್ಲಿ ಓದುತ್ತೀರಾ ಅಂತ ಕೇಳಿದರು, ಒಂದು ಸಾಲು ಓದಿ ವಿವರಿಸಿದೆ. ಆಮೇಲೆ ಒಬ್ಬರು ಕೇಳಿದರು: ದಾನ ಕೊಟ್ಟವರ ಹೆಸರು ಶಾಸನದಲ್ಲಿದೆ, ಮಣ್ಣು ಅಗೆದು ಹೊತ್ತವರು ಎಲ್ಲಿ? ಈ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿರಲಿಲ್ಲ. ಶಾಸನ ಬರೆಸಿದವರು ಉಳ್ಳವರು, ಅವರ ಕಣ್ಣಿಂದಲೇ ನಮಗೆ ಕೆರೆ ಕಾಣುತ್ತದೆ ಅಂದೆ. ಬಂಡಿ ಹೊಡೆಯುವವನಿಗೆ, ತೂಬು ಕಾಯುವವನಿಗೆ ಬಿಟ್ಟ ಭೂಮಿಯ ಸಾಲುಗಳಿಂದ ಅವರ ಹತ್ತಿರಕ್ಕೆ ಸ್ವಲ್ಪ ಹೋಗಬಹುದು, ಉಳಿದ ಮೌನವನ್ನೂ ಪ್ರಬಂಧದಲ್ಲಿ ಬರೆಯುತ್ತೇನೆ ಅಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಉತ್ತರ ಬಾಯಿಪಾಠ ಮಾಡಿಕೊಂಡು ಹೋಗುವುದಕ್ಕಿಂತ, ಲೆಕ್ಕದ ಪುಸ್ತಕದ ಜೊತೆ ಕೂತು ಕಳೆದ ಸಂಜೆಗಳು ಆಗ ಕೈ ಹಿಡಿದವು.

ದುಡ್ಡಿನ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಬಿಎಡ್ ಮಾಡಿದ್ದರೆ ಇಷ್ಟೊತ್ತಿಗೆ ಕೆಲಸ ಸಿಗುತ್ತಿತ್ತು ಅಂತ ನೆಂಟರು ಹೇಳಿದರು. ಅದು ಸುಮ್ನೆ ಆಡಿದ ಮಾತಲ್ಲ, ತೋಟದ ಆದಾಯದಲ್ಲಿ ಬದುಕುವ ಮನೆಗಳಿಗೆ ಐದು ವರ್ಷ ಅಂದರೆ ದೊಡ್ಡದೇ. ಜೆಆರ್‌ಎಫ್ ಆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೂ ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿಯವರಿಗೂ ಐದು ವರ್ಷ ಸಡಿಲಿಕೆ ಇದೆ. ಜೆಆರ್‌ಎಫ್ ಇಲ್ಲದವರಿಗೆ ಸೆಂಟ್ರಲ್ ಯೂನಿವರ್ಸಿಟಿಗಳಲ್ಲಿ ತಿಂಗಳಿಗೆ 8,000 ರೂಪಾಯಿಯ ಫೆಲೋಶಿಪ್ ಇದೆ. ಅಷ್ಟರಲ್ಲಿ ನಡೆಸುವುದು ಕಷ್ಟ. ಈ ಲೆಕ್ಕವನ್ನು ಅಪ್ಪ ಅಮ್ಮನ ಮುಂದೆ ಕಾಗದದ ಮೇಲೆ ಬರೆದು ತೋರಿಸಿದ ಮೇಲೆಯೇ ನಾನು ಅರ್ಜಿ ಹಾಕಿದ್ದು. ಒಂದೇ ಕಡೆ ಹಾಕಲಿಲ್ಲ, ರಾಜ್ಯದ ವಿಶ್ವವಿದ್ಯಾಲಯಗಳಿಗೂ ಹಾಕಿದ್ದೆ.

ಈಗ ಹೊರರಾಜ್ಯದ ಸೆಂಟ್ರಲ್ ಯೂನಿವರ್ಸಿಟಿಯಲ್ಲಿದ್ದೇನೆ. ಇಲ್ಲಿ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಗೈಡ್ ನನ್ನ ಪ್ರಶ್ನೆಯನ್ನು ಹಾಗೇ ಉಳಿಸಿ, ಪಕ್ಕದ ಕಡೂರು ಕಡೆಯ ಕೆರೆಗಳನ್ನೂ ಸೇರಿಸಿಕೊಳ್ಳಲು ಹೇಳಿದ್ದಾರೆ. ರೈಸ್ ಅವರ ಆರನೇ ಸಂಪುಟ ಪೂರ್ತಿ ಆಗಿನ ಕಡೂರು ಜಿಲ್ಲೆಯದೇ, ಅಂದರೆ ಈಗಿನ ಚಿಕ್ಕಮಗಳೂರು. ರಜೆಗೆ ಊರಿಗೆ ಬಂದಾಗ ಸಖರಾಯಪಟ್ಟಣದ ಅಯ್ಯನಕೆರೆ ಏರಿಯ ಮೇಲೆ ನಡೆಯುವುದಿದೆ, ಅಪ್ಪನೂ ಬರುತ್ತೇನೆ ಅಂದಿದ್ದಾರೆ.