ಸೈನಿಕ ಹುಳು ಎಲ್ಲಿಂದ ಬಂತು? ಡಿಎನ್‌ಎ ಮೂಲಕ ಜಾಡು ಹಿಡಿಯುವ ಬಗೆ

ಅಮೆರಿಕ ಖಂಡಗಳ ಬೆಳೆಪೀಡೆಯಾದ ಫಾಲ್ ಸೈನಿಕ ಹುಳು (ಒಂದು ಪತಂಗದ ಮರಿಹುಳು) 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲೂ ಸಿಕ್ಕಿತು. ಇಂಥ ಹುಳುವಿನ ಜಾಡು ತಪ್ಪುವುದು ಹೆಚ್ಚಾಗಿ ಲ್ಯಾಬಿನಲ್ಲಲ್ಲ, ಹೊಲದಲ್ಲಿ.

ಒಂದು ಮೊಟ್ಟೆ ಗುಂಪಿನಲ್ಲಿ ನೂರಿನ್ನೂರು ಮೊಟ್ಟೆಗಳಿರುತ್ತವೆ. ಅಕ್ಕಪಕ್ಕದ ಸುಳಿಗಳಿಂದ ಹುಳು ಆರಿಸಿದರೆ ಒಡಹುಟ್ಟಿದವನ್ನೇ ಮತ್ತೆ ಮತ್ತೆ ಎಣಿಸಿದಂತೆ. ಗಿಡಕ್ಕೊಂದೇ ಹುಳು, ನಡುವೆ ಹತ್ತಿಪ್ಪತ್ತು ಮೀಟರ್ ಅಂತರ ಇರಲಿ. ಊರಿಗೆ 20–30 ಸಾಕು. ಜೀವಂತವಾಗಿ ಒಟ್ಟಿಗೆ ಹಾಕಬೇಡಿ, ಒಂದನ್ನೊಂದು ತಿನ್ನುತ್ತವೆ. ಪ್ರತಿಯೊಂದನ್ನೂ ಬೇರೆ ಬೇರೆ ಟ್ಯೂಬಿನಲ್ಲಿ 95% ಎಥನಾಲ್‌ಗೆ ಹಾಕಿ. ಹುಳುವಿನ ಮೈನೀರು ಎಥನಾಲನ್ನು ತೆಳುವಾಗಿಸುವುದರಿಂದ ಮರುದಿನ ಅದನ್ನು ಬದಲಿಸಿ, −20 ಡಿಗ್ರಿಯಲ್ಲಿಡಿ. ಫಾರ್ಮಲಿನ್ ಬೇಡ, ಅದು ಡಿಎನ್‌ಎ ಕೆಡಿಸುತ್ತದೆ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ. ಎಥನಾಲ್ ತಾಗಿದರೆ ಶಾಯಿ ಅಳಿಸಿಹೋಗುತ್ತದೆ.

ಡಿಎನ್‌ಎಗೆ ತಲೆ ಅಥವಾ ಕಾಲು ಮಾತ್ರ ಬಳಸಿ. ಹೊಟ್ಟೆಯಲ್ಲಿ ತಿಂದ ಆಹಾರವಿರುತ್ತದೆ, ಕೆಲವೊಮ್ಮೆ ಪರಾವಲಂಬಿ ಕಣಜದ ಮರಿಯೂ ಇರುತ್ತದೆ. ಆಗ ಸೈನಿಕ ಹುಳುವಿನ ಬದಲು ಕಣಜದ ಜೀನ್ ಓದಿ ಕೂರುತ್ತೀರಿ.

ಮೊದಲು ಓದಬೇಕಾದ್ದು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಸಿಒಐ ಜೀನ್; ಪ್ರಭೇದ ಗುರುತಿಸಲು ಬಳಸುವುದು ಇದನ್ನೇ. ಅದರ ಪ್ರತಿಗಳನ್ನು ಹೆಚ್ಚಿಸುವ 25 ಮೈಕ್ರೊಲೀಟರ್ ಪಿಸಿಆರ್‌ಗೆ 12.5 ಮೈಕ್ರೊಲೀಟರ್ ಮಾಸ್ಟರ್ ಮಿಕ್ಸ್ (ಕಿಣ್ವ ಸೇರಿದ ಸಿದ್ಧ ಮಿಶ್ರಣ, 2ಎಕ್ಸ್), 10 ಮೈಕ್ರೊಮೋಲಾರ್‌ನ ಎರಡೂ ಪ್ರೈಮರ್ (ಜೀನಿನ ತುದಿಗಳಿಗೆ ಅಂಟುವ ಡಿಎನ್‌ಎ ತುಣುಕುಗಳು: ಎಲ್‌ಸಿಒ1490, ಎಚ್‌ಸಿಒ2198) ತಲಾ 1, ಡಿಎನ್‌ಎ 2, ನೀರು 8.5. ಮೊದಲು 94 ಡಿಗ್ರಿಯಲ್ಲಿ 3 ನಿಮಿಷ. ನಂತರ 94ರಲ್ಲಿ 30 ಸೆಕೆಂಡ್, 50ರಲ್ಲಿ 45, 72ರಲ್ಲಿ 60, ಹೀಗೆ 35 ಸುತ್ತು. ಕೊನೆಗೆ 72ರಲ್ಲಿ 7 ನಿಮಿಷ. ಡಿಎನ್‌ಎ ಹಾಕದ ಟ್ಯೂಬ್ ಒಂದು ಇರಲೇಬೇಕು. ಜೆಲ್‌ನಲ್ಲಿ ಓಡಿಸಿದಾಗ ಅದರಲ್ಲೂ ಡಿಎನ್‌ಎ ಪಟ್ಟಿ ಮೂಡಿದರೆ ಆ ಸಲದ ಎಲ್ಲ ಟ್ಯೂಬುಗಳ ಫಲಿತಾಂಶ ಕೈಬಿಡಿ. ಜೆಲ್‌ನಲ್ಲಿ ಸುಮಾರು 700 ಬೇಸ್‌ಗಳ ಪಟ್ಟಿ ಕಾಣಬೇಕು. ಪ್ರೈಮರ್ ಭಾಗ ತೆಗೆದರೆ 658. ಎರಡೂ ದಿಕ್ಕಿನಿಂದ ಸೀಕ್ವೆನ್ಸ್ ಮಾಡಿಸಿ. ಅಕಶೇರುಕಗಳ ಮೈಟೊಕಾಂಡ್ರಿಯ ಸಂಕೇತದಲ್ಲಿ ಅನುವಾದಿಸಿದಾಗ ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಸಂಕೇತ) ಬಂದರೆ, ಕೋಶಕೇಂದ್ರಕ್ಕೆ ನುಸುಳಿದ ನಕಲು ಪ್ರತಿಯನ್ನು ಓದಿದ್ದೀರಿ ಎಂಬ ಅನುಮಾನ ಇರಲಿ.

ಇಷ್ಟಕ್ಕೇ ನಿಲ್ಲಿಸುವುದು ದೊಡ್ಡ ತಪ್ಪು. ಈ ಹುಳುವಿನಲ್ಲಿ ಭತ್ತದ ತಳಿ, ಮೆಕ್ಕೆಜೋಳದ ತಳಿ ಎಂದು ಎರಡು ಬಗೆ. ಸಿಒಐ ತಾಯಿಯಿಂದ ಮಾತ್ರ ಬರುತ್ತದೆ. ಭಾರತದ ಬಹುಪಾಲು ಮಾದರಿಗಳಲ್ಲಿ ಅದು ‘ಭತ್ತದ ತಳಿ’ ಎನ್ನುತ್ತದೆ, ಹುಳು ಮಾತ್ರ ಮೆಕ್ಕೆಜೋಳ ಮೇಯುತ್ತಿರುತ್ತದೆ! ಲಿಂಗ ಕ್ರೋಮೋಸೋಮಾದ ಝಡ್‌ನ ಟಿಪಿಐ ಜೀನ್ ನೋಡಿದರೆ ಅದೇ ಹುಳು ಹೆಚ್ಚಾಗಿ ಮೆಕ್ಕೆಜೋಳದ ತಳಿ. ಟಿಪಿಐನ 4ನೇ ಎಕ್ಸಾನ್‌ನ (ಜೀನಿನ ಸಂಕೇತ ಹೊತ್ತ ತುಂಡಿನ) 183ನೇ ಸ್ಥಾನದಲ್ಲಿ ‘ಸಿ’ ಬೇಸ್ ಇದ್ದರೆ ಮೆಕ್ಕೆಜೋಳ, ‘ಟಿ’ ಇದ್ದರೆ ಭತ್ತ. ಹೆಣ್ಣಿಗೆ ಒಂದೇ ಝಡ್, ಗಂಡಿಗೆ ಎರಡು. ಹೆಣ್ಣಿನ ವಾಸನೆಯಿಂದ ಸೆಳೆಯುವ ಮೋಹಕ ಬಲೆಗೆ ಬೀಳುವುದು ಗಂಡು ಪತಂಗವೇ ಆದ್ದರಿಂದ ಅದರ ಸೀಕ್ವೆನ್ಸ್ ನಕ್ಷೆಯಲ್ಲಿ ಆ ಸ್ಥಾನದಲ್ಲಿ ಎರಡು ಶಿಖರ ಕಂಡರೆ ಕೆಟ್ಟ ಸೀಕ್ವೆನ್ಸ್ ಎಂದು ಎಸೆಯಬೇಡಿ; ಅದು ಮಿಶ್ರತಳಿಯ ಗುರುತಿರಬಹುದು.

ಶಿವಮೊಗ್ಗದ ಹುಳುವಿನ ಹ್ಯಾಪ್ಲೋಟೈಪ್ (ಒಟ್ಟಿಗೆ ಸಾಗಿಬರುವ ಡಿಎನ್‌ಎ ಬದಲಾವಣೆಗಳ ಗುಂಪು) ಆಫ್ರಿಕಾದ್ದಕ್ಕೆ ಹೊಂದಿದರೆ ‘ಅಲ್ಲಿಂದಲೇ ಬಂತು’ ಎನ್ನಲಾಗದು. ಅದೇ ಹ್ಯಾಪ್ಲೋಟೈಪ್ ಅಮೆರಿಕದಲ್ಲೂ ಇದೆ. ಎರಡೂ ಕಡೆಗೆ ಬೇರೆ ಬೇರೆಯಾಗಿ ಬಂದಿರಲೂಬಹುದು. ಒಮ್ಮೆ ಬಂದು ಪಶ್ಚಿಮದಿಂದ ಪೂರ್ವಕ್ಕೆ ಹರಡಿತೆಂಬ ಸರಳ ಕಥೆಯನ್ನು ಇಡೀ ಜೀನೋಮಿನ ಎಸ್‌ಎನ್‌ಪಿ (ಒಂದೊಂದೇ ಬೇಸಿನ ವ್ಯತ್ಯಾಸ) ಅಧ್ಯಯನಗಳು ಪ್ರಶ್ನಿಸಿವೆ. ಆ ಹಂತದ ಕೆಲಸಕ್ಕೆ ಚೂರಾಗದ ಡಿಎನ್‌ಎ ಬೇಕು. ಆದ್ದರಿಂದ ಉಳಿದ ದೇಹವನ್ನು ಸ್ಥಳ, ದಿನಾಂಕ, ಬೆಳೆಯ ವಿವರದೊಂದಿಗೆ ಫ್ರೀಜರಿನಲ್ಲೇ ಇಡಿ.