ಕಪ್ಪು ಮದ್ದಿನ ಕಿಟ್ಟವನ್ನು ಹದದಲ್ಲಿಡುವುದು: ನನ್ನ ಅನುಭವ

ಕಪ್ಪು ಮದ್ದಿನ ರೈಫಲ್‌ಗೆ ಹೊಸದಾಗಿ ಕೈ ಹಾಕಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಮೊದಲ ಮೂರು ನಾಲ್ಕು ಈಡು ಒಟ್ಟಿಗೇ ಬಿದ್ದವು, ಆಮೇಲೆ ಏನಾಯ್ತು? ಮದ್ದು ಬದಲಿಸಿ ನೋಡುತ್ತಾರೆ. ಗುಂಡಿನ ಅಚ್ಚು ಬದಲಿಸುತ್ತಾರೆ. ಗುರಿ ನೋಡುವ ಸೈಟ್ ಸಡಿಲ ಆಗಿದೆಯೇನೋ ಅಂತ ತಿರುಪು ಬಿಗಿಯುತ್ತಾರೆ. ನಾನು ಕಂಡಂತೆ ಬಹಳ ಸಲ ಕಾರಣ ನಳಿಗೆಯ ಒಳಗೇ ಕೂತಿರುತ್ತದೆ. ಮದ್ದು ಉರಿದು ಬಿಟ್ಟುಹೋದ ಕಿಟ್ಟ ಅದು.

ನಾನಿರುವುದು ಅಮೆರಿಕದ ಕೊಲೊರಾಡೊದಲ್ಲಿ. ಇಲ್ಲಿ ಕಪ್ಪು ಮದ್ದಿನ ತೋಟಾ ಹಾಕಿ ಕಬ್ಬಿಣದ ಪ್ರಾಣಿಗಳಿಗೆ ಗುರಿ ಇಡುವ ಪಂದ್ಯ ಇದೆ. 1985ರಲ್ಲಿ ಅದಕ್ಕೆ ರಾಷ್ಟ್ರಮಟ್ಟದ ಪಂದ್ಯವೂ ಶುರುವಾಯಿತು, ಪಕ್ಕದ ನ್ಯೂ ಮೆಕ್ಸಿಕೋದ ರಟೋನ್ ಊರಿನ ಹತ್ತಿರ, ವಿಟಿಂಗ್ಟನ್ ಸೆಂಟರ್ ಎಂಬ ಗುರಿ ಮೈದಾನದಲ್ಲಿ. ಕೋಳಿ 200 ಮೀಟರ್‌ನಲ್ಲಿ, ಹಂದಿ 300ರಲ್ಲಿ, ಟರ್ಕಿ ಕೋಳಿ 385ರಲ್ಲಿ, ಟಗರು 500ರಲ್ಲಿ. ಕೋಳಿಗೆ ನಿಂತೇ ಹೊಡೆಯಬೇಕು. ಉಳಿದವಕ್ಕೆ ಕೂತು, ಅಡ್ಡಡ್ಡ ಕಟ್ಟಿದ ಎರಡು ಕೋಲಿನ ಮೇಲೆ ನಳಿಗೆ ಇಡಬಹುದು. ರೈಫಲ್ ಎಲ್ಲ 19ನೇ ಶತಮಾನದ ನಮೂನೆಯವೇ: ಶಾರ್ಪ್ಸ್, ರೆಮಿಂಗ್ಟನ್ ರೋಲಿಂಗ್ ಬ್ಲಾಕ್, ವಿಂಚೆಸ್ಟರ್ ಹೈ ವಾಲ್. ಒಂದು ಸಲಕ್ಕೆ ಒಂದೇ ತೋಟಾ. ನನ್ನದು 45-70ರ (0.45 ಇಂಚಿನ ಗುಂಡು, 70 ಗ್ರೇನ್ ಮದ್ದು) ಶಾರ್ಪ್ಸ್, ಹೊಸದಾಗಿ ಮಾಡಿದ್ದು.

ಮಲೆನಾಡಿನ ಮನೆಯಲ್ಲಿ ಕೇಪಿನ ಕೋವಿ ನೋಡಿ ಬೆಳೆದವನಿಗೆ ಈ ಹೊಗೆ, ಈ ಗಂಧಕದ ವಾಸನೆ ಹೊಸದೇನಲ್ಲ. ಆದರೆ ಅಲ್ಲಿ ಒಂದೆರಡು ಈಡು ಹೊಡೆದರೆ ಮುಗಿಯಿತು, ಮನೆಗೆ ಬಂದು ನಳಿಗೆಗೆ ಬಿಸಿನೀರು ಹುಯ್ದು ತೊಳೆದಿಟ್ಟರು. ಇಲ್ಲಿ ಹಾಗಲ್ಲ. ಸಾಲಾಗಿ ಹತ್ತು ಹದಿನೈದು ಈಡು, ಅದೂ ಗಡಿಯಾರ ನೋಡಿಕೊಂಡು, ಒಂದೇ ಜಾಗಕ್ಕೆ ಬೀಳಬೇಕು.

ಮೊದಲು ಈ ಕಿಟ್ಟ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಮದ್ದಿನಲ್ಲಿ ಪೆಟ್ಲುಪ್ಪು ಸುಮಾರು 75 ಪಾಲು, ಇದ್ದಿಲು 15, ಗಂಧಕ 10. ಹೊಗೆಯಿಲ್ಲದ ಈಗಿನ ಮದ್ದು ಉರಿದರೆ ಹೆಚ್ಚುಕಮ್ಮಿ ಪೂರ್ತಿ ಗ್ಯಾಸ್ ಆಗುತ್ತದೆ. ಕಪ್ಪು ಮದ್ದು ಹಾಗಲ್ಲ. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ಯಾಸ್ ಆಗುವುದೇ ಇಲ್ಲ. ಇಂಗ್ಲೆಂಡಿನಲ್ಲಿ ನೋಬಲ್ ಮತ್ತು ಏಬಲ್ ಎಂಬ ಇಬ್ಬರು ವಿಜ್ಞಾನಿಗಳು 1870ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. 70 ಗ್ರೇನ್ ಮದ್ದು ಅಂದರೆ ನಾಲ್ಕೂವರೆ ಗ್ರಾಂ. ಅದರಲ್ಲಿ ಎರಡೂವರೆ ಗ್ರಾಂನಷ್ಟು ಪೊಟ್ಯಾಸಿಯಂನ ಉಪ್ಪುಗಳಾಗಿ ಉಳಿಯುತ್ತದೆ: ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್. ಬಹುಪಾಲು ಬಿಳಿ ಹೊಗೆಯಾಗಿ ಆಚೆ ಹೋಗುತ್ತದೆ. ಉಳಿದದ್ದು ನಳಿಗೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ.

ಇದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ನೀರಿನ ಪಸೆ ಕಂಡರೆ ಎಳೆದುಕೊಳ್ಳುತ್ತದೆ. ಗಂಜಿ ಪಾತ್ರೆ ಇದ್ದ ಹಾಗೆ ಅನ್ನಿ. ಹಸಿಯಾಗಿದ್ದಾಗ ಒಂದು ಕೈ ಒರೆಸಿದರೆ ಹೋಯಿತು, ಒಣಗಿದರೆ ಕೆರೆಯಬೇಕು. ಹಸಿ ಕಿಟ್ಟದ ಮೇಲೆ ಮುಂದಿನ ಗುಂಡು ಜಾರಿಕೊಂಡು ಹೋಗುತ್ತದೆ, ಹೋಗುತ್ತಾ ಹಳೆಯದನ್ನು ತಳ್ಳಿಕೊಂಡೂ ಹೋಗುತ್ತದೆ. ಒಣ ಕಿಟ್ಟದ ಮೇಲೆ ಸೀಸದ ಮೈ ತರಚುತ್ತದೆ, ನಳಿಗೆಯೊಳಗೆ ಕೊರೆದ ಸುರುಳಿ ಗೆರೆಗಳ ಹಿಡಿತ ತಪ್ಪುತ್ತದೆ, ಒತ್ತಡ ಒಂದೊಂದು ಈಡಿಗೆ ಒಂದೊಂದು ತರ ಆಗುತ್ತದೆ.

ಹಾಗಾಗಿ ನಾನು ನಳಿಗೆ ಎಷ್ಟು ಚೊಕ್ಕ ಇದೆ ಅಂತ ತಲೆ ಕೆಡಿಸಿಕೊಳ್ಳುವುದಿಲ್ಲ. ಹೋದ ಈಡಿಗೆ ಹೇಗಿತ್ತೋ ಈ ಈಡಿಗೂ ಹಾಗೇ ಇದೆಯಾ, ಅಷ್ಟೇ ನೋಡುತ್ತೇನೆ. ಪ್ರತಿ ಸಲವೂ ಸ್ವಲ್ಪ ಕೊಳೆ ಇದ್ದರೂ ಪರವಾಗಿಲ್ಲ, ಅದೇ ಕೊಳೆ ಇರಬೇಕು. ನನ್ನ ಗುಂಡು ಸೆಕೆಂಡಿಗೆ 1,200 ಅಡಿಯ ಆಸುಪಾಸಿನಲ್ಲಿ ಹೊರಡುತ್ತದೆ. ಈ ವೇಗದಲ್ಲಿ ಹತ್ತು ಅಡಿ ಹೆಚ್ಚುಕಮ್ಮಿ ಆದರೆ 500 ಮೀಟರ್‌ನಲ್ಲಿ ಗುಂಡು ಸುಮಾರು ಅರ್ಧ ಅಡಿ ಮೇಲೆ ಕೆಳಗೆ ಆಗುತ್ತದೆ. ಟಗರಿನ ಬೆನ್ನಿನಿಂದ ಹೊಟ್ಟೆಗೆ ಇರುವುದೇ ಒಂದಡಿಗಿಂತ ತುಸು ಜಾಸ್ತಿ. ಅರ್ಧ ಅಡಿ ಅಂದರೆ ಪಂದ್ಯವೇ ಹೋಯಿತು.

ಎಲ್ಲಕ್ಕೂ ಮೊದಲು ಗುಂಡಿನ ಜಿಡ್ಡು. ನನ್ನ ಗುಂಡು 20 ಪಾಲು ಸೀಸಕ್ಕೆ 1 ಪಾಲು ತವರ ಬೆರೆಸಿ ಎರಕ ಹೊಯ್ದದ್ದು, 530 ಗ್ರೇನ್ ಆಸುಪಾಸು. ಮೈ ಸುತ್ತ ಅಗಲವಾದ ಕಾಲುವೆಗಳಿವೆ, ಅದರೊಳಗೆ ಜಿಡ್ಡು ತುಂಬಿರುತ್ತದೆ. ಜೇನುಮೇಣ ಅರ್ಧ, ಉಳಿದರ್ಧದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಕ್ರಿಸ್ಕೋ, ಸ್ವಲ್ಪ ಅಡುಗೆ ಎಣ್ಣೆ. ಕ್ರಿಸ್ಕೋ ಅಂದರೆ ನಮ್ಮ ಡಾಲ್ಡಾದ ತರಹದ್ದು, ಇಲ್ಲಿ ಎಲ್ಲ ದಿನಸಿ ಅಂಗಡಿಯಲ್ಲೂ ಸಿಗುತ್ತದೆ. ಸಣ್ಣ ಉರಿಯಲ್ಲಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಕೆಲವರು ದನದ ಕೊಬ್ಬು ಹಾಕುತ್ತಾರೆ, ಕೆಲವರು ಲ್ಯಾನೋಲಿನ್ ಹಾಕುತ್ತಾರೆ. ಎರಡೂ ಕೆಲಸ ಮಾಡುತ್ತವೆ. ಬೇಸಿಗೆಯಲ್ಲಿ ಮೇಣ ಒಂದು ಚೂರು ಜಾಸ್ತಿ ಮಾಡುತ್ತೇನೆ, ಇಲ್ಲವಾದರೆ ಬಿಸಿಲಿಗೆ ಇಟ್ಟ ತೋಟಾದಲ್ಲಿ ಜಿಡ್ಡು ಇಳಿದು ಮದ್ದಿಗೆ ತಾಗುವ ಭಯ. ಗಾಡಿಗೆ ಹಾಕುವ ಪೆಟ್ರೋಲಿಯಂ ಗ್ರೀಸ್ ಮಾತ್ರ ಬೇಡ. ಕಪ್ಪು ಮದ್ದಿನ ಜೊತೆ ಸೇರಿ ಅದು ಡಾಂಬರಿನಂಥ ಮೆತ್ತು ಆಗುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ.

ಜಿಡ್ಡು ಸಾಕಾಗಿದೆಯಾ ಅಂತ ನಳಿಗೆಯೇ ಹೇಳುತ್ತದೆ. ನಾಲ್ಕೈದು ಈಡಾದ ಮೇಲೆ ಬ್ರೀಚ್ (ನಳಿಗೆಯ ಹಿಂಬದಿ) ತೆರೆದು, ತೋಟಾ ತೆಗೆದು, ನಳಿಗೆಯ ತುದಿ ನೋಡಿ. ಅಂಚಿನ ಸುತ್ತ ಕಪ್ಪು ಹೊಳಪಿನ ಜಿಡ್ಡು ಗೆರೆಗೆರೆಯಾಗಿ ಹೊರಕ್ಕೆ ಚಾಚಿಕೊಂಡಿರಬೇಕು. ಒಂದೊಂದು ಸುರುಳಿ ಗೆರೆಗೆ ಒಂದೊಂದು ಕಿರಣ, ಒಟ್ಟಿಗೆ ಸೇರಿ ನಕ್ಷತ್ರ. ಬೆರಳು ಮುಟ್ಟಿದರೆ ಮಸಿ ಮೆತ್ತಗೆ ಅಂಟಬೇಕು. ಅಲ್ಲಿ ಬೂದಿ ಬಣ್ಣದ ಒಣ ಪುಡಿ ಇದ್ದರೆ ಜಿಡ್ಡು ದಾರಿಯಲ್ಲೇ ಮುಗಿದಿದೆ ಅಂತ ಅರ್ಥ. 30, 32 ಇಂಚಿನ ನಳಿಗೆಯಲ್ಲಿ ಕೊನೆಯ ನಾಲ್ಕಾರು ಇಂಚು ಒಣಗಿರುತ್ತದೆ, ಬಟ್ಟೆ ತಳ್ಳಿದರೆ ಅಲ್ಲೇ ಗರಗರ ಅನ್ನುತ್ತದೆ. ಆಗ ಮದ್ದು ಬದಲಿಸಿ ಪ್ರಯೋಜನ ಇಲ್ಲ. ಜಾಸ್ತಿ ಜಿಡ್ಡು ಹಿಡಿಯುವ ಗುಂಡು ಬೇಕು, ಇಲ್ಲವೇ ಈಡು ಈಡಿನ ನಡುವೆ ಹೊರಗಿನಿಂದ ಪಸೆ ಕೊಡಬೇಕು.

ಹೊರಗಿನಿಂದ ಪಸೆ ಕೊಡುವ ಸುಲಭ ದಾರಿ ನಮ್ಮ ಉಸಿರೇ. ತೋಟಾದ ಹಳೆ ಹಿತ್ತಾಳೆ ಕೇಸಿನ ತಳಕ್ಕೆ ತೂತು ಕೊರೆದು ಒಂದೂವರೆ ಅಡಿ ರಬ್ಬರ್ ಕೊಳವೆ ಸಿಕ್ಕಿಸಿದರೆ ಊದುಕೊಳವೆ ತಯಾರು. ಈಡು ಹೊಡೆದ ತಕ್ಷಣ ಬ್ರೀಚ್ ತೆರೆದು, ಖಾಲಿ ಕೇಸ್ ತೆಗೆದು, ಈ ಕೊಳವೆಯ ಕೇಸನ್ನು ಅದೇ ಜಾಗಕ್ಕೆ ಕೂರಿಸುತ್ತೇನೆ. ನಳಿಗೆ ಗುರಿಯ ಕಡೆಗೇ ಇರುತ್ತದೆ. ಆಮೇಲೆ ಹೊಟ್ಟೆಯಿಂದ, ನಿಧಾನಕ್ಕೆ, ಬೆಚ್ಚಗಿನ ಉಸಿರು ಬಿಡಬೇಕು. ಬಲೂನು ಊದುವ ರಭಸ ಬೇಡ. ಜೋರಾಗಿ ಊದಿದರೆ ಗಾಳಿ ಹೋಗುತ್ತದೆ, ಪಸೆ ನಿಲ್ಲುವುದಿಲ್ಲ. ಚಳಿಯ ಬೆಳಿಗ್ಗೆ ಮೂರು ಉಸಿರು ಸಾಕು. ಮಧ್ಯಾಹ್ನ ಬಿಸಿಲೇರಿದರೆ ಐದು ಆರು ಬೇಕು. ಎಷ್ಟೇ ಇರಲಿ, ಪ್ರತಿ ಈಡಿಗೂ ಅಷ್ಟೇ ಉಸಿರು, ಅಷ್ಟೇ ಉದ್ದ. ಪಕ್ಕದಲ್ಲಿ ದುರ್ಬೀನು ಹಿಡಿದು ಕೂತ ಸ್ಪಾಟರ್ ಗುಂಡು ಎಲ್ಲಿ ಬಿತ್ತು ಅಂತ ಹೇಳುವುದರ ಜೊತೆಗೆ ನನ್ನ ಉಸಿರನ್ನೂ ಎಣಿಸುತ್ತಾನೆ. ಪಂದ್ಯದ ಗಡಿಬಿಡಿಯಲ್ಲಿ ಲೆಕ್ಕ ತಪ್ಪುವುದು ಸಹಜ, ಅಲ್ವಾ? ಇನ್ನೊಬ್ಬರ ಕಿವಿ ಇದ್ದರೆ ಒಳ್ಳೆಯದು.

ಊದಿದ ಮೇಲೆ ಸುಮ್ನೆ ಕೂರಬಾರದು. ಗಾಳಿ ಸರಿಯಾಗಲಿ ಅಂತ ತೋಟಾ ಹಾಕಿಕೊಂಡು ಬಿಸಿ ನಳಿಗೆಯ ಹಿಂದೆ ಕಾಯುತ್ತಾ ಕೂತರೆ ಕೊಟ್ಟ ಪಸೆ ಆರಿಹೋಗುತ್ತದೆ. ಗಾಳಿಗೆ ಕಾಯಬೇಕಾದರೆ ಬ್ರೀಚ್ ತೆರೆದೇ ಕಾಯುತ್ತೇನೆ, ಹೊಡೆಯುವ ಮುಂಚೆ ಊದುತ್ತೇನೆ.

ರಟೋನ್ ಆರು ಸಾವಿರ ಅಡಿಗೂ ಎತ್ತರದ ಬಯಲು. ಬೇಸಿಗೆಯ ಮಧ್ಯಾಹ್ನ ಗಾಳಿ ಎಷ್ಟು ಒಣ ಅಂದರೆ ತುಟಿ ಒಡೆಯುತ್ತದೆ. ನಳಿಗೆ ಕೈ ಇಡಲಾಗದಷ್ಟು ಕಾದಿರುತ್ತದೆ. ಅಂಥ ಹೊತ್ತಿನಲ್ಲಿ ಉಸಿರನ್ನೇ ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಇದರಲ್ಲಿ ಅನುಭವಿಗಳ ನಡುವೆಯೂ ಭಿನ್ನಾಭಿಪ್ರಾಯ ಇದೆ, ಉಸಿರಿನಿಂದಲೇ ಗೆಲ್ಲುವವರೂ ಇದ್ದಾರೆ. ನಾನು ಮಾತ್ರ ಬಿಸಿಲೇರಿದ ಮೇಲೆ ಒರೆಸುವುದಕ್ಕೆ ತಿರುಗುತ್ತೇನೆ. ಒಂದು ಸರದಿಯೊಳಗೆ ಮಾತ್ರ ಪದ್ಧತಿ ಬದಲಿಸುವುದಿಲ್ಲ. ಊದಿದ ನಳಿಗೆಗೂ ಒರೆಸಿದ ನಳಿಗೆಗೂ ಸೈಟ್ ಅಳತೆ ಬೇರೆ ಬರುತ್ತದೆ. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಂಡಿದ್ದೇನೆ.

ಒರೆಸುವುದಕ್ಕೆ ದಪ್ಪ ಹತ್ತಿ ಬಟ್ಟೆಯ ತುಂಡು. ಏಳು ಪಾಲು ನೀರಿಗೆ ಒಂದು ಪಾಲು ಬ್ಯಾಲಿಸ್ಟಾಲ್ ಎಣ್ಣೆ ಬೆರೆಸಿದರೆ ಹಾಲಿನ ಬಣ್ಣದ ನೀರಾಗುತ್ತದೆ. ಬಟ್ಟೆ ಅದರಲ್ಲಿ ನೆಂದಿರಬೇಕು, ಹಿಂಡಿದರೆ ತೊಟ್ಟಿಕ್ಕಬಾರದು. ಬ್ರೀಚ್ ಕಡೆಯಿಂದ ಗಜದ ಕೋಲಿನಲ್ಲಿ ಒಂದೇ ಸಮ ತಳ್ಳಿ, ಮುಂದಿನ ತುದಿಯಲ್ಲಿ ಬೀಳಿಸಿಬಿಡಬೇಕು. ಹಿಂದಕ್ಕೆ ಎಳೆದರೆ ಕೊಳೆಯೆಲ್ಲ ಚೇಂಬರಿಗೆ, ಅಂದರೆ ತೋಟಾ ಕೂರುವ ಜಾಗಕ್ಕೆ, ವಾಪಸ್ ಬರುತ್ತದೆ. ಆಮೇಲೆ ಒಂದು ಒಣ ಬಟ್ಟೆ. ಕೈಗೆ ಅದೆಲ್ಲ ಗೊತ್ತಾಗುತ್ತದೆ: ಮೊದಲ ಬಟ್ಟೆ ಎಲ್ಲಿ ಬಿಗಿಯಾಯಿತು, ಎಲ್ಲಿ ಜಾರಿತು. ಎರಡನೆಯದು ಆದಿಯಿಂದ ಕೊನೆಯವರೆಗೆ ಒಂದೇ ತರ ಹೋದರೆ ಸಮಾಧಾನ.

ಚೇಂಬರ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಅದು ಒಣಗಿರಲೇಬೇಕು. ಈಡು ಹಾರಿದಾಗ ಹಿತ್ತಾಳೆ ಕೇಸ್ ಉಬ್ಬಿ ಚೇಂಬರಿನ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಗೋಡೆಗೆ ನೀರೋ ಎಣ್ಣೆಯೋ ಇದ್ದರೆ ಆ ಹಿಡಿತ ಸಿಗುವುದಿಲ್ಲ, ಹೊಡೆತವೆಲ್ಲ ಬ್ರೀಚನ್ನು ಮುಚ್ಚುವ ಹಿಂದಿನ ಬ್ಲಾಕ್ ಮೇಲೆ ಬೀಳುತ್ತದೆ. ಗುರಿಯೂ ಕೆಡುತ್ತದೆ. ಒಣ ಬಟ್ಟೆ ಸುತ್ತಿದ ಗಿಡ್ಡ ಕೋಲೊಂದನ್ನು ಇದಕ್ಕೇ ಅಂತ ಇಟ್ಟುಕೊಂಡಿದ್ದೇನೆ. ಕೇಸಿನ ಬಾಯಿ ಮುಗಿಯುವ ಜಾಗದಲ್ಲಿ ಉಂಗುರದಂತೆ ಗಟ್ಟಿ ಕಿಟ್ಟ ಕಟ್ಟುತ್ತದೆ, ಅದನ್ನೂ ಇದೇ ಕೋಲಿನಿಂದ ತೆಗೆಯುತ್ತೇನೆ. ತೋಟಾ ಕೊನೆಯ ಕೂದಲಳತೆಯಲ್ಲಿ ಬಿಗಿಯಾಗತೊಡಗಿದರೆ ಈ ಉಂಗುರವೇ ಕಾರಣ. ಬಲವಂತವಾಗಿ ತಳ್ಳುವುದು ತರವಲ್ಲ.

ತೋಟಾ ಕಟ್ಟುವಾಗಲೇ ಕಿಟ್ಟವನ್ನು ಸ್ವಲ್ಪ ಹದಕ್ಕೆ ತರಬಹುದು. ಉದ್ದ ಕೊಳವೆಯಿಂದ ಮದ್ದನ್ನು ನಿಧಾನಕ್ಕೆ ಇಳಿಬಿಟ್ಟರೆ ಕಾಳು ಒತ್ತೊತ್ತಾಗಿ ಕೂರುತ್ತದೆ. ಮೇಲೊಂದು ರಟ್ಟಿನ ಬಿಲ್ಲೆ, ಆಮೇಲೆ ಗುಂಡು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಒಂದಿಷ್ಟೂ ಇರಬಾರದು, ಅದು ನಳಿಗೆಗೆ ಅಪಾಯ. ಗೋಯೆಕ್ಸ್ ಕಂಪನಿಯ ಮದ್ದನ್ನು ಚೆನ್ನಾಗಿ ಒತ್ತಿದರೆ ಕಿಟ್ಟ ಕಡಿಮೆ, ವೇಗವೂ ಒಂದೇ ಸಮ. ಸ್ವಿಸ್ ಎಂಬ ಹೆಸರಿನ ಮದ್ದಿಗೆ ಅಷ್ಟು ಒತ್ತು ಬೇಡ, ಅದು ಉರಿಯುವುದೇ ಹೆಚ್ಚು ಪಸೆಯಾಗಿ. ಬೆಲೆ ಜಾಸ್ತಿ, ಆದರೂ ಪಂದ್ಯಕ್ಕೆ ನಾನು ಸ್ವಿಸ್‌ನ ಒಂದೂವರೆ ನಂಬರಿನ ಕಾಳನ್ನೇ ಬಳಸುತ್ತೇನೆ.

ಚೊಕ್ಕ ನಳಿಗೆಯ ಮೊದಲ ಈಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಬೇರೆಯೇ ಕಡೆ ಬೀಳುತ್ತದೆ. ಒಂದೆರಡು ಈಡು ಮಣ್ಣಿನ ದಿಬ್ಬಕ್ಕೆ ಹೊಡೆದು ನಳಿಗೆಗೆ ಕಿಟ್ಟದ ಮೈ ಬಂದ ಮೇಲೆಯೇ ಸೈಟ್ ಹೊಂದಿಸುವುದು. ಗುಂಡುಗಳು ಅಡ್ಡಕ್ಕೆ ಹರಡಿದರೆ ಗಾಳಿಯ ಕಡೆ ನೋಡುತ್ತೇನೆ. ಮೇಲೆ ಕೆಳಗೆ ಹರಡಿದರೆ ಮೊದಲ ಅನುಮಾನ ಕಿಟ್ಟದ ಮೇಲೆ.

ಕಾಗದ ಸುತ್ತಿದ ಗುಂಡಿನ ಲೆಕ್ಕ ಬೇರೆ. 1874ರಲ್ಲಿ ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೋರ್‌ನಲ್ಲಿ ಅಮೆರಿಕದವರು ಐರ್ಲೆಂಡಿನವರನ್ನು 934ಕ್ಕೆ 931ರಲ್ಲಿ ಸೋಲಿಸಿದ್ದು 800, 900, 1,000 ಗಜದ ಪಂದ್ಯದಲ್ಲಿ. ಆ ಕಾಲದ ದೂರದ ಗುರಿಗಾರರು ಕಾಗದದ ಗುಂಡನ್ನು ನೆಚ್ಚಿಕೊಂಡಿದ್ದರು. ಅದರ ಮೈಯಲ್ಲಿ ಜಿಡ್ಡಿನ ಕಾಲುವೆ ಇಲ್ಲ. ಒರಟು ಕಿಟ್ಟ ತಾಗಿದರೆ ಕಾಗದ ಹರಿಯುತ್ತದೆ. ಪ್ರತಿ ಈಡಿಗೂ ಒರೆಸಲೇಬೇಕು, ಬೇರೆ ದಾರಿ ಇಲ್ಲ. ತಾಳ್ಮೆ ಮತ್ತು ಸಮಯ ಇರುವ ದೂರದ ಪಂದ್ಯಕ್ಕೆ ಅದು ಬಹಳ ಚೆನ್ನ. ಟಗರಿನ ಪಂದ್ಯದ ಗಡಿಯಾರಕ್ಕೆ ನನಗೆ ಜಿಡ್ಡಿನ ಗುಂಡೇ ಹೊಂದುತ್ತದೆ.

ಪಂದ್ಯ ಮುಗಿದ ಮೇಲಿನ ಕೆಲಸ ನೀರಿನದ್ದು. ಕಿಟ್ಟ ಅಂದರೆ ಬಹುತೇಕ ಉಪ್ಪು, ಉಪ್ಪು ಕರಗುವುದು ನೀರಿಗೆ. ದುಬಾರಿ ದ್ರಾವಣ ಯಾವುದೂ ಬೇಡ. ಖಾಲಿ ಕೇಸ್‌ಗಳನ್ನು ಅಲ್ಲೇ ಪಾತ್ರೆ ಸೋಪು ಬೆರೆಸಿದ ನೀರಿನ ಡಬ್ಬಿಗೆ ಹಾಕಿಬಿಡುತ್ತೇನೆ. ಮನೆ ಸೇರುವಷ್ಟರಲ್ಲಿ ನೀರು ಕರಿ ಆಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿರುತ್ತದೆ. ನಳಿಗೆಗೆ ಒದ್ದೆ ಬಟ್ಟೆ, ಬಟ್ಟೆ ಬೆಳ್ಳಗೆ ಬರುವವರೆಗೆ. ಆಮೇಲೆ ಒಣ ಬಟ್ಟೆ, ಕೊನೆಗೆ ಎಣ್ಣೆ. ಮಾರನೇ ದಿನ ಇನ್ನೊಂದು ಬಟ್ಟೆ ಹಾಕಿ ನೋಡುತ್ತೇನೆ. ಕಂದು ಬಣ್ಣ ಕಂಡರೆ ಮತ್ತೆ ನೀರಿನಿಂದಲೇ ಶುರು. ಮುಂದಿನ ಪಂದ್ಯದ ಬೆಳಿಗ್ಗೆ ಆ ಎಣ್ಣೆಯನ್ನು ಸ್ಪಿರಿಟ್ ಬಟ್ಟೆಯಿಂದ ಪೂರ್ತಿ ತೆಗೆಯಬೇಕು. ಉಳಿದರೆ ಮೊದಲ ಈಡಿನ ಕಿಟ್ಟದ ಜೊತೆ ಸೇರಿ ಅದೇ ಡಾಂಬರು ಮೆತ್ತುತ್ತದೆ, ಆ ದಿನವೆಲ್ಲ ಊದಿದರೂ ಒರೆಸಿದರೂ ನಳಿಗೆ ಒಂದು ಹದಕ್ಕೆ ಬರುವುದಿಲ್ಲ.